'ದಂಡುಪಾಳ್ಯ': ಊರಿನ ಹೆಸರು ಹೊತ್ತ ಕೊಲೆಗಳ ಚಿತ್ರ

ಸ್ಟಾರ್ ನಾಯಕನಿಲ್ಲ, ವಿದೇಶದಲ್ಲಿ ಚಿತ್ರೀಕರಿಸಿದ ಯುಗಳಗೀತೆಯಿಲ್ಲ, ಕುಟುಂಬ ಸಮೇತ ಬಂದು ನೋಡಿ ಎಂದು ಕರೆಯುವ ಧೈರ್ಯವೂ ಪ್ರಚಾರಕರಿಗಿರಲಿಲ್ಲ. ಆದರೂ 2012ರ ಜೂನ್ 29ರಂದು ತೆರೆಕಂಡ 'ದಂಡುಪಾಳ್ಯ' ಗಲ್ಲಾಪೆಟ್ಟಿಗೆ ತುಂಬಿಸಿತು. ಮರುವರ್ಷ ತೆಲುಗಿಗೆ ಡಬ್ ಆಗಿ 'ದಂಡುಪಾಳ್ಯಂ' ಎಂಬ ಹೆಸರಿನಲ್ಲಿ ಗಡಿಯಾಚೆಗೂ ಭರ್ಜರಿಯಾಗಿ ಓಡಿತು. ಕನ್ನಡದ ಅಪರಾಧ ಚಿತ್ರಗಳ ಪೈಕಿ ಇಷ್ಟು ಜನ ನೋಡಿದ ಮತ್ತು ಇಷ್ಟು ಜನ ಬೈದ ಚಿತ್ರಗಳು ವಿರಳ. ನೋಡಿದವರು ಮತ್ತು ಬೈದವರು ಅನೇಕ ವೇಳೆ ಒಬ್ಬರೇ ಆಗಿದ್ದರು ಎಂಬುದು ಇನ್ನೂ ಸ್ವಾರಸ್ಯದ ಸಂಗತಿ.

ಶ್ರೀನಿವಾಸರಾಜು ನಿರ್ದೇಶನದ ಈ ಚಿತ್ರದಲ್ಲಿ ಪೂಜಾ ಗಾಂಧಿ, ರಂಗಭೂಮಿ ಹಿನ್ನೆಲೆಯ ಮಕರಂದ ದೇಶಪಾಂಡೆ ಹಾಗೂ ಪಿ. ರವಿಶಂಕರ್ ಮುಖ್ಯ ಪಾತ್ರಗಳಲ್ಲಿದ್ದರು. ರಘು ಮುಖರ್ಜಿ, ಪ್ರಿಯಾಂಕಾ ಕೊಠಾರಿ ಮೊದಲಾದವರು ತಾರಾಗಣದಲ್ಲಿದ್ದರೂ ಭಿತ್ತಿಚಿತ್ರಗಳನ್ನು ಆಳಿದ್ದು ಪೂಜಾ ಅವರೇ. ಸಂಗೀತ ಅರ್ಜುನ್ ಜನ್ಯ ಅವರದು.

ನೈಜ ಪ್ರಕರಣದ ಹಿನ್ನೆಲೆ

ದಂಡುಪಾಳ್ಯ ಎಂಬುದು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕಿನ ಒಂದು ಹಳ್ಳಿ. 1990ರ ದಶಕದ ಉತ್ತರಾರ್ಧದಲ್ಲಿ ಬೆಂಗಳೂರು ಮತ್ತು ಸುತ್ತಮುತ್ತ ನಡೆದ ದರೋಡೆ, ಕೊಲೆ, ಅತ್ಯಾಚಾರಗಳ ಸರಣಿಗೆ ಸಂಬಂಧಿಸಿದಂತೆ ಪೊಲೀಸರು ಬಂಧಿಸಿದ ತಂಡಕ್ಕೆ ಈ ಊರಿನ ಹೆಸರೇ ಅಂಟಿಕೊಂಡಿತು. ಪತ್ರಿಕೆಗಳು 'ದಂಡುಪಾಳ್ಯ ಗ್ಯಾಂಗ್' ಎಂದು ಬರೆದವು, ಜನರೂ ಹಾಗೆಯೇ ಕರೆದರು.

ಪೊಲೀಸರು ವಿವರಿಸಿದ ಕಾರ್ಯವಿಧಾನ ಸರಳವಾಗಿತ್ತು. ಅದು ಭಯ ಹುಟ್ಟಿಸಿದ್ದೂ ಆ ಸರಳತೆಯಿಂದಲೇ. ನಗರದ ಅಂಚಿನ ಹೊಸ ಬಡಾವಣೆಗಳಲ್ಲಿ ಒಂಟಿಯಾಗಿ ನಿಂತ ಮನೆಯನ್ನು ಗುರುತಿಸುವುದು, ಗಂಡಸರು ಕೆಲಸಕ್ಕೆ ಹೋದ ಮೇಲೆ ಬಾಗಿಲು ತಟ್ಟಿ ಕುಡಿಯಲು ನೀರು ಕೇಳುವುದೋ ವಿಳಾಸ ವಿಚಾರಿಸುವುದೋ ಮಾಡುವುದು, ಬಾಗಿಲು ತೆರೆದೊಡನೆ ಒಳನುಗ್ಗಿ ಕತ್ತು ಸೀಳಿ ಒಡವೆ ದೋಚುವುದು. ಆ ವರ್ಷಗಳಲ್ಲಿ ಬೆಂಗಳೂರು ಎಲ್ಲ ದಿಕ್ಕಿಗೂ ಹಬ್ಬುತ್ತಿತ್ತು. ಹತ್ತು ನಿವೇಶನಕ್ಕೊಂದು ಮನೆ, ಸುತ್ತ ಜಲ್ಲಿ ಮರಳಿನ ರಾಶಿ, ದಿನವಿಡೀ ಕಟ್ಟಡ ಕೆಲಸದವರ ಓಡಾಟ. ಅಲ್ಲಿ ಅಪರಿಚಿತರನ್ನು ಯಾರೂ ಅಪರಿಚಿತರೆಂದು ಗಮನಿಸುತ್ತಿರಲಿಲ್ಲ. ಇಂಥ ಬಡಾವಣೆಗಳ ರಚನೆಯೇ ಅಪರಾಧಕ್ಕೆ ಅರ್ಧ ಅನುಕೂಲ ಮಾಡಿಕೊಟ್ಟಿತ್ತು.

ಇವರನ್ನು 'ಸರಣಿ ಹಂತಕರು' ಎನ್ನುವುದು ರೂಢಿಯಾಗಿದೆಯಾದರೂ ಕಾನೂನಿನ ಭಾಷೆ ಬೇರೆ. ಐವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಸೇರಿ ನಡೆಸುವ ಸುಲಿಗೆಯನ್ನು ಭಾರತೀಯ ದಂಡ ಸಂಹಿತೆಯ 391ನೇ ಕಲಂ ದರೋಡೆ ಎಂದು ಕರೆಯುತ್ತಿತ್ತು. ಆ ವೇಳೆ ಕೊಲೆಯೂ ನಡೆದರೆ 396ನೇ ಕಲಮಿನಡಿ ಕೊಂದವನು ಮಾತ್ರವಲ್ಲ, ಜೊತೆಗಿದ್ದ ಪ್ರತಿಯೊಬ್ಬನೂ ಮರಣದಂಡನೆಗೆ ಅರ್ಹನಾಗುತ್ತಿದ್ದ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೆರಡೂ 310ನೇ ಕಲಮಿನೊಳಗೆ ಸೇರಿವೆ. ಮನೋವಿಕಾರದಿಂದ ಒಬ್ಬನೇ ಕೊಲ್ಲುತ್ತ ಹೋಗುವ ಹಂತಕನ ಕಥೆಗೂ ಒಡವೆಗಾಗಿ ಗುಂಪಾಗಿ ಕೊಲ್ಲುವವರ ಕಥೆಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಚಿತ್ರ ಈ ಎರಡನ್ನೂ ಬೆರೆಸಿತು. ತೆರೆಯ ಮೇಲಿನ ತಂಡ ಚಿನ್ನಕ್ಕಾಗಿ ಕೊಲ್ಲುತ್ತದೆ, ಜೊತೆಗೆ ಕೊಲ್ಲುವುದರಲ್ಲಿಯೇ ಸುಖವನ್ನೂ ಕಾಣುತ್ತದೆ.

ತೆರೆಯ ಮೇಲೆ

ಚಿತ್ರದ ಶಕ್ತಿ ಇರುವುದು ಪಾತ್ರಗಳ ಆಯ್ಕೆಯಲ್ಲಿ. 2006ರ ಕೊನೆಯಲ್ಲಿ ಬಂದ 'ಮುಂಗಾರು ಮಳೆ'ಯಿಂದ ಪೂಜಾ ಗಾಂಧಿ ಕನ್ನಡಿಗರಿಗೆ 'ಮಳೆ ಹುಡುಗಿ'ಯಾಗಿದ್ದರು. ಅದೇ ನಟಿ ಇಲ್ಲಿ ಕೆದರಿದ ಕೂದಲು, ಮಾಸಿದ ಸೀರೆ, ಬಾಯಲ್ಲಿ ಬೀಡಿ ಇಟ್ಟುಕೊಂಡ ಲಕ್ಷ್ಮಿಯಾಗಿ ಬಂದರು. ಜನಪ್ರಿಯ ನಾಯಕಿಯೊಬ್ಬಳು ತನ್ನ ಚೆಲುವಿನ ಬಂಡವಾಳವನ್ನು ಹೀಗೆ ಒಮ್ಮೆಲೇ ಕೈಬಿಟ್ಟ ಉದಾಹರಣೆ ನಮ್ಮಲ್ಲಿ ಹೆಚ್ಚಿಲ್ಲ. ಮಾತಿಗಿಂತ ಕಣ್ಣಿನಲ್ಲಿ ನಟಿಸಿದ ಅವರು ವೃತ್ತಿಜೀವನಕ್ಕೆ ಎರಡನೆಯ ಹುಟ್ಟು ಪಡೆದರು ಎಂದರೆ ಉತ್ಪ್ರೇಕ್ಷೆಯಾಗದು.

ರವಿಶಂಕರ್ ಅವರದೂ ಇಂಥದೇ ಬದಲಾವಣೆ. ನಟ ಸಾಯಿಕುಮಾರ್ ಅವರ ಸೋದರರಾದ ಇವರು ಕಂಠದಾನ ಕಲಾವಿದರಾಗಿ ಹೆಸರಾದವರು. 2011ರ 'ಕೆಂಪೇಗೌಡ' ಚಿತ್ರದ ಆರ್ಮುಗಂ ಪಾತ್ರ ಇವರನ್ನು ಕನ್ನಡದ ದೊಡ್ಡ ಖಳನನ್ನಾಗಿಸಿತ್ತು. ಮರುವರ್ಷವೇ ಅವರು ಖಾಕಿ ತೊಟ್ಟು ಇನ್ಸ್‌ಪೆಕ್ಟರ್ ಚಲಪತಿಯಾದರು. ಪ್ರಕರಣದ ತನಿಖೆಯಲ್ಲಿದ್ದ ಅಧಿಕಾರಿಯ ಹೆಸರನ್ನೇ ಪಾತ್ರಕ್ಕೂ ಇಡಲಾಗಿತ್ತು. ತಂಡದ ಮುಖ್ಯಸ್ಥ ಕೃಷ್ಣನಾಗಿ ಮಕರಂದ ದೇಶಪಾಂಡೆ ಕೂಗಾಡುವುದಿಲ್ಲ. ಕೊಲೆಯ ಕ್ಷಣದಲ್ಲಿ ಏನನ್ನೋ ಆಲಿಸುವವನಂತೆ ಅರಳುವ ಮುಖ ಪ್ರೇಕ್ಷಕನ ನೆನಪಿನಲ್ಲಿ ಉಳಿಯುತ್ತದೆ.

ಬಜೆಟ್ಟಿನ ಮಿತಿ ಚಿತ್ರಕ್ಕೆ ತೊಡಕಾಗುವ ಬದಲು ನೆರವಾಯಿತು. ಅದ್ದೂರಿ ಸೆಟ್ಟುಗಳಿಲ್ಲದ ಕಾರಣ ಕ್ಯಾಮೆರಾ ಸಾಮಾನ್ಯ ಮನೆಗಳ ಹಜಾರ, ಅಡುಗೆಮನೆಗಳಿಗೆ ಹೋಯಿತು. ನಮ್ಮದೇ ಮನೆಯ ಬಾಗಿಲಿನಂತಿರುವ ಬಾಗಿಲು ತೆರೆದುಕೊಂಡಾಗ ಹುಟ್ಟುವ ಅಂಜಿಕೆ ಹಾಳು ಬಂಗಲೆಯ ಬಾಗಿಲಿಗೆ ಬರುವುದಿಲ್ಲ. ಕಡಿಮೆ ಹಣದಲ್ಲಿ ಭಯ ಹುಟ್ಟಿಸುವ ಈ ಕಲೆ ಕನ್ನಡಕ್ಕೆ ಹೊಸದೂ ಅಲ್ಲ. 1978ರಲ್ಲಿ ಕಾಶೀನಾಥ್ 'ಅಪರಿಚಿತ'ದಲ್ಲಿ, 1989ರಲ್ಲಿ ಸುನೀಲ್‌ಕುಮಾರ್ ದೇಸಾಯಿ 'ತರ್ಕ'ದಲ್ಲಿ, 1993ರಲ್ಲಿ ಉಪೇಂದ್ರ 'ಶ್!' ಚಿತ್ರದಲ್ಲಿ ಅದನ್ನು ಮಾಡಿ ತೋರಿಸಿದ್ದರು. ವ್ಯತ್ಯಾಸವೆಂದರೆ ಅವರು ಮುಚ್ಚಿಟ್ಟು ಹೆದರಿಸಿದರು. ಶ್ರೀನಿವಾಸರಾಜು ತೆರೆದು ತೋರಿಸಿ ಹೆದರಿಸಿದರು.

ಹೊಗಳಿಕೆ, ತೆಗಳಿಕೆ

ಬಿಡುಗಡೆಗೆ ಮೊದಲೇ ವಿವಾದ ಆರಂಭವಾಗಿತ್ತು. ಪೂಜಾ ಗಾಂಧಿ ಅವರ ಬೆತ್ತಲೆ ಬೆನ್ನಿನ ದೃಶ್ಯದ ಸ್ಥಿರಚಿತ್ರಗಳು ಹೊರಬಿದ್ದೊಡನೆ ಪ್ರತಿಭಟನೆಗಳು ನಡೆದವು. ಪೊಲೀಸ್ ಠಾಣೆಯೊಳಗಿನ ಹಿಂಸೆಯನ್ನು ತೋರಿಸುವ ಆ ದೃಶ್ಯ ಕಥೆಗೆ ಅಗತ್ಯವಿತ್ತೇ, ಟಿಕೆಟ್ ಮಾರಾಟಕ್ಕೆ ಅಗತ್ಯವಿತ್ತೇ ಎಂಬ ಪ್ರಶ್ನೆ ಎದ್ದಿತು. ಪ್ರಚಾರದಲ್ಲಿ ಅದನ್ನು ಬಳಸಿಕೊಂಡ ಬಗೆ ನೋಡಿದರೆ ಎರಡನೆಯ ಉತ್ತರವೇ ಸರಿಯೆನಿಸುತ್ತದೆ.

ವಿಮರ್ಶಕರಲ್ಲಿ ಒಮ್ಮತ ಮೂಡಲಿಲ್ಲ. ಅಭಿನಯದ ಬಗ್ಗೆ ತಕರಾರು ಕಡಿಮೆ. ಪೂಜಾ, ಮಕರಂದ, ರವಿಶಂಕರ್ ಮೂವರಿಗೂ ಪ್ರಶಂಸೆ ಸಂದಿತು. ಆಕ್ಷೇಪವೆಲ್ಲ ರಕ್ತದ ಬಗ್ಗೆ. ಕತ್ತು ಸೀಳುವ ದೃಶ್ಯ ಒಮ್ಮೆ ಬಂದರೆ ಆಘಾತ, ಮತ್ತೆ ಮತ್ತೆ ಬಂದರೆ ಜಡತ್ವ. ಪ್ರೇಕ್ಷಕ ಬಲಿಯಾದವರ ಪರವಾಗಿ ಮರುಗುವ ಬದಲು ಮುಂದಿನ ಕೊಲೆ ಹೇಗಿರಬಹುದು ಎಂದು ಕಾಯತೊಡಗುತ್ತಾನೆ. ಸತ್ತವರಿಗೆ ಚಿತ್ರದಲ್ಲಿ ಬದುಕೇ ಇಲ್ಲ. ಅವರು ಬಾಗಿಲು ತೆರೆಯಲು ಬರುತ್ತಾರೆ, ಅಷ್ಟೇ. ಹಿಂಸೆಯ ಪ್ರಮಾಣಕ್ಕಿಂತ ಈ ದೋಷ ದೊಡ್ಡದು ಎಂಬುದು ಈ ಲೇಖಕನ ಅಭಿಪ್ರಾಯ. ಮನೆ ಕಳೆದುಕೊಂಡ ಕುಟುಂಬಗಳು ಇನ್ನೂ ಬದುಕಿರುವಾಗ, ಆ ಸಾವುಗಳನ್ನು ಇಷ್ಟು ಹಗುರವಾಗಿ ದಾಟಿಹೋಗುವ ಹಕ್ಕು ನೈಜ ಘಟನೆ ಎಂದು ಹೇಳಿಕೊಳ್ಳುವ ಚಿತ್ರಕ್ಕೆ ಇರಲಾರದು.

ಇದನ್ನು ಮೆಚ್ಚಿದವರ ವಾದವನ್ನೂ ತಳ್ಳಿಹಾಕುವಂತಿಲ್ಲ. ಭೂಗತ ಲೋಕದ ರೌಡಿಯನ್ನು ನಾಯಕನನ್ನಾಗಿಸಿ ಮಚ್ಚಿಗೆ ಶಿಳ್ಳೆ ಹೊಡೆಸಿದ ಚಿತ್ರಗಳ ಕಾಲದಲ್ಲಿ 'ದಂಡುಪಾಳ್ಯ' ಕೊಲೆಯನ್ನು ಅಸಹ್ಯವಾಗಿಯೇ ತೋರಿಸಿತು. ಇಲ್ಲಿ ಕೊಂದವನಿಗೆ ಪಂಚಿಂಗ್ ಡೈಲಾಗ್ ಇಲ್ಲ. ಪರಿಚಯವಿಲ್ಲದವರಿಗೆ ಬಾಗಿಲು ತೆರೆಯಬೇಡಿ ಎಂಬ ಎಚ್ಚರಿಕೆಯನ್ನಾದರೂ ಚಿತ್ರ ಕೊಟ್ಟಿತು ಎಂದು ಅನೇಕ ಗೃಹಿಣಿಯರೇ ಹೇಳಿದ್ದುಂಟು.

ಚಿಕ್ಕಬಳ್ಳಾಪುರ ಸೀಮೆಯ ಕಣ್ಣಲ್ಲಿ

ಆ ಎಚ್ಚರಿಕೆಯ ಇನ್ನೊಂದು ಮುಖ ಕಾಣಬೇಕಾದರೆ ಹೊಸಕೋಟೆಯಿಂದ ಉತ್ತರಕ್ಕೆ ಬರಬೇಕು. ಅಲ್ಲಿಂದ ಚಿಂತಾಮಣಿಗೆ ನೇರ ರಸ್ತೆಯಿದೆ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ತಾಲ್ಲೂಕುಗಳು 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವ ತನಕ ಕೋಲಾರ ಜಿಲ್ಲೆಯ ಭಾಗವಾಗಿದ್ದವು. ವರ್ಷವಿಡೀ ಹರಿಯುವ ನದಿಗಳಿಲ್ಲದ, ಕೆರೆ ಮತ್ತು ಕೊಳವೆಬಾವಿಯನ್ನೇ ನಂಬಿದ ಬಯಲುಸೀಮೆ ಇದು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ಚಿಂತಾಮಣಿಯ ಟೊಮೆಟೊ ವಹಿವಾಟು ಎಷ್ಟೇ ಹೆಸರು ಮಾಡಿದ್ದರೂ ಮಳೆ ಕೈಕೊಟ್ಟ ವರ್ಷ ಇಲ್ಲಿನ ಕೂಲಿಕಾರರ ದಾರಿ ಬೆಂಗಳೂರಿನ ಕಡೆಗೆ. ಗೌರಿಬಿದನೂರಿನಿಂದ ಬೆಳಗಿನ ರೈಲು, ಉಳಿದೆಡೆಗಳಿಂದ ಬೆಳಗಿನ ಬಸ್ಸು. ಕೈಯಲ್ಲಿ ಬುತ್ತಿ, ತಲೆಗೆ ಸುತ್ತಿದ ಟವೆಲ್ಲು. ಗಾರೆ ಕೆಲಸ, ಮಣ್ಣು ಕೆಲಸ, ಕಾಂಕ್ರೀಟು ಹೊರುವ ಕೆಲಸ.

ಚಿತ್ರ ತೋರಿಸಿದ ಕೊಲೆಗಡುಕರ ಹೊರರೂಪ ಇವರದೇ. ಬಿಸಿಲಲ್ಲಿ ಬೆವೆತು ಬಂದು ಗೇಟಿನ ಬಳಿ ನಿಂತು 'ಅಮ್ಮಾ, ಸ್ವಲ್ಪ ನೀರು ಕೊಡಿ' ಎನ್ನುವ ಹೆಂಗಸು ನಿಜ ಜೀವನದಲ್ಲಿ ಸಾವಿರ ಸಲಕ್ಕೆ ಸಾವಿರ ಸಲವೂ ಬಾಯಾರಿದ ಕೂಲಿಯವಳೇ. ಚಿತ್ರದ ಬಳಿಕ ಆ ಚಿತ್ರಣದ ಮೇಲೆ ಲಕ್ಷ್ಮಿಯ ನೆರಳು ಬಿತ್ತು. ಬಾಯಾರಿದವರಿಗೆ ನೀರು ಕೊಡುವುದನ್ನು ಪುಣ್ಯವೆಂದು ಎಣಿಸಿ ದಾರಿಬದಿಯಲ್ಲಿ ಅರವಟ್ಟಿಗೆ ಇಟ್ಟ ನಾಡಿನಲ್ಲಿ ನೀರು ಕೇಳುವುದೇ ಸಂಶಯದ ವಿಷಯವಾಯಿತು. ಇದಕ್ಕೆ ಚಿತ್ರವೊಂದೇ ಹೊಣೆಯಲ್ಲ, ಅಪರಾಧಗಳೇ ಮೊದಲ ಹೊಣೆ. ಆದರೆ ಪತ್ರಿಕೆಯ ಸುದ್ದಿ ಹಳತಾಗುತ್ತದೆ, ಟಿವಿಯಲ್ಲಿ ಮತ್ತೆ ಮತ್ತೆ ಬರುವ ಚಿತ್ರ ಹಳತಾಗುವುದಿಲ್ಲ.

ಈ ಸೀಮೆಯಲ್ಲಿ ಚಿತ್ರಕ್ಕೆ ಇನ್ನೊಂದು ವಿಶೇಷವಿತ್ತು. ಆಂಧ್ರದ ಗಡಿಗೆ ಹೊಂದಿಕೊಂಡ ಈ ತಾಲ್ಲೂಕುಗಳಲ್ಲಿ ಮನೆಯೊಳಗೆ ತೆಲುಗು, ಶಾಲೆ ಕಚೇರಿಗಳಲ್ಲಿ ಕನ್ನಡ ಆಡುವ ಕುಟುಂಬಗಳು ಹೇರಳ. ತೆಲುಗು ಚಿತ್ರಗಳ ಮುಂದೆ ಕನ್ನಡ ಚಿತ್ರಗಳು ಇಲ್ಲಿ ಸೊರಗುತ್ತವೆ ಎಂಬುದು ವಿತರಕರ ಹಳೆಯ ಗೊಣಗಾಟ. ಸಾಮಾನ್ಯವಾಗಿ ತೆಲುಗಿನಿಂದ ಕನ್ನಡಕ್ಕೆ ಕಥೆಗಳು ಹರಿದುಬರುವ ದಿಕ್ಕಿನಲ್ಲಿ, ಈ ಬಾರಿ ನಾಲ್ಕು ಹೆಜ್ಜೆ ದೂರದ ಊರಿನ ಕಥೆ ಕನ್ನಡದಿಂದ ತೆಲುಗಿಗೆ ಹೋಯಿತು. 'ಕರಿಮೇಡು' ಎಂಬ ಹೆಸರಿನಲ್ಲಿ ತಮಿಳಿಗೂ ಹೋಯಿತು. ಕನ್ನಡ ಚಿತ್ರವೊಂದು ಹೊರನಾಡಿನಲ್ಲಿ ಗೆದ್ದದ್ದು ಸಂತೋಷವೇ ಸರಿ. ಅದರೊಂದಿಗೆ ಹೊಸಕೋಟೆ ತಾಲ್ಲೂಕಿನ ಹಳ್ಳಿಯೊಂದರ ಹೆಸರೂ ದೂರದ ಊರುಗಳಿಗೆ ಕೊಲೆಯ ಇನ್ನೊಂದು ಹೆಸರಾಗಿ ತಲಪಿತು.

ಪೊಲೀಸರ ಕಥೆ, ನ್ಯಾಯಾಲಯದ ಕಥೆ

ಚಿತ್ರದ ಬಗ್ಗೆ ಎದ್ದ ಪ್ರಶ್ನೆಗಳಲ್ಲಿ ಅತ್ಯಂತ ಗಂಭೀರವಾದದ್ದು ರಕ್ತಕ್ಕಾಗಲೀ ಬೆನ್ನಿಗಾಗಲೀ ಸಂಬಂಧಿಸಿದ್ದಲ್ಲ. ತೆರೆಯ ಮೇಲೆ ನಾವು ನೋಡಿದ್ದು ಯಾರ ಕಥೆ ಎಂಬುದೇ ಆ ಪ್ರಶ್ನೆ. ಮೊದಲ ಚಿತ್ರ ತನಿಖಾಧಿಕಾರಿಯ ಹೆಗಲ ಮೇಲಿಂದ ಎಲ್ಲವನ್ನೂ ನೋಡುತ್ತದೆ. ಹಿಡಿದರು, ಹೊಡೆದರು, ಬಾಯಿ ಬಿಡಿಸಿದರು. ಆರೋಪಿಗಳು ಹೇಳಿದ್ದೆಲ್ಲ ನಡೆದ ಘಟನೆಯಾಗಿ ತೆರೆಯ ಮೇಲೆ ಮೂಡುತ್ತದೆ.

ನಮ್ಮ ಕಾನೂನು ಈ ಕ್ರಮವನ್ನು ಒಪ್ಪುವುದಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಪ್ರಕಾರ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿರಲಿಲ್ಲ. ಆರೋಪಿ ಹೇಳಿದ ಜಾಗದಲ್ಲಿ ಒಡವೆಯೋ ಆಯುಧವೋ ಸಿಕ್ಕರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತಿಗೆ ಮಾತ್ರ 27ನೇ ಕಲಂ ಬೆಲೆ ಕೊಡುತ್ತಿತ್ತು. 2024ರಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ 23ನೇ ಕಲಮಿನಲ್ಲಿ ಇದೇ ತತ್ವವನ್ನು ಉಳಿಸಿಕೊಂಡಿದೆ. ಬ್ರಿಟಿಷರ ಆಳ್ವಿಕೆಯಲ್ಲೇ ಇಂಥ ನಿಯಮ ಬಂದದ್ದಕ್ಕೆ ಕಾರಣ ಸ್ಪಷ್ಟ: ಠಾಣೆಯಲ್ಲಿ ಹೊಡೆತ ತಾಳಲಾರದೆ ಮನುಷ್ಯ ಮಾಡದ್ದನ್ನೂ ಒಪ್ಪಿಕೊಳ್ಳುತ್ತಾನೆ. ಒಂದು ತಂಡ ಸಿಕ್ಕಿಬಿದ್ದಾಗ ಪತ್ತೆಯಾಗದೆ ಉಳಿದ ಹಳೆಯ ಪ್ರಕರಣಗಳೂ ಅವರ ತಲೆಗೇ ಬೀಳುವ ಸಂಭವ ಯಾವಾಗಲೂ ಇದ್ದೇ ಇರುತ್ತದೆ.

ಪ್ರಕರಣಗಳ ವಿಚಾರಣೆ ಬೆಂಗಳೂರಿನ ಪರಪ್ಪನ ಅಗ್ರಹಾರದ ವಿಶೇಷ ನ್ಯಾಯಾಲಯದಲ್ಲಿ ನಡೆದು ತಂಡದ ಹಲವರಿಗೆ ಮರಣದಂಡನೆ ವಿಧಿಸಲಾಯಿತು. ಆದರೆ ಅಧೀನ ನ್ಯಾಯಾಲಯ ವಿಧಿಸಿದ ಮರಣದಂಡನೆ ಹೈಕೋರ್ಟ್ ದೃಢೀಕರಿಸುವ ತನಕ ಜಾರಿಯಾಗುವಂತಿಲ್ಲ. ಮೇಲ್ಮನವಿಯ ಹಂತದಲ್ಲಿ ಕೆಲವು ಪ್ರಕರಣಗಳಲ್ಲಿ ಶಿಕ್ಷೆ ಇಳಿಯಿತು, ಕೆಲವು ಪ್ರಕರಣಗಳಲ್ಲಿ ಸಾಕ್ಷ್ಯ ಸಾಲದೆ ಆರೋಪಿಗಳು ಖುಲಾಸೆಯಾದರು. ಹಾಗೆಂದು ಎಲ್ಲರೂ ಎಲ್ಲದರಲ್ಲೂ ನಿರ್ದೋಷಿಗಳೆಂದು ಅರ್ಥವಲ್ಲ. ಇಂಥ ಕೊಲೆ ಇಂಥವರೇ ಮಾಡಿದ್ದು ಎಂಬುದನ್ನು ಒಂದೊಂದಾಗಿ ಸಾಬೀತುಪಡಿಸಬೇಕು ಎಂದಷ್ಟೇ ಅರ್ಥ. ನೇಣುಗಂಬಕ್ಕೂ ಖುಲಾಸೆಗೂ ನಡುವಿನ ಈ ದೂರ ಎರಡು ಗಂಟೆಯ ಚಿತ್ರದಲ್ಲಿ ಮಾಯವಾಗಿತ್ತು.

ಎರಡು, ಮೂರು, ನಾಲ್ಕು

ಈ ಸಂಶಯ ಸ್ವತಃ ನಿರ್ದೇಶಕರನ್ನೂ ಕಾಡಿರಬೇಕು, ಅಥವಾ ಅದರಲ್ಲೊಂದು ಹೊಸ ಕಥೆ ಕಂಡಿರಬೇಕು. 2017ರ ಜುಲೈ 14ರಂದು ಬಂದ ಮುಂದುವರಿದ ಭಾಗಕ್ಕೆ ಕನ್ನಡದಲ್ಲಿ '2' ಎಂಬ ಅಂಕಿಯೇ ಶೀರ್ಷಿಕೆ. ಶ್ರುತಿ ಹರಿಹರನ್ ಇಲ್ಲಿ ಪತ್ರಕರ್ತೆ. ಜೈಲಿನಲ್ಲಿರುವ ತಂಡದ ಬಾಯಿಂದ ಆಕೆ ಕೇಳುವ ಕಥೆಯಲ್ಲಿ ಮೊದಲ ಚಿತ್ರದ ವೀರ ಪೊಲೀಸರು ಚಿತ್ರಹಿಂಸೆ ಕೊಟ್ಟು ಒಪ್ಪಿಸಿದವರಾಗುತ್ತಾರೆ. ಐದು ವರ್ಷದ ಹಿಂದೆ ಖಚಿತವಾಗಿ ತೋರಿಸಿದ್ದನ್ನು ಅದೇ ನಿರ್ದೇಶಕ, ಅದೇ ನಟವರ್ಗ ತಿರುಗಿ ನೋಡಿದ್ದು ಭಾರತೀಯ ಚಿತ್ರರಂಗದಲ್ಲಿ ಅಪರೂಪದ ಸಾಹಸ. ದುರದೃಷ್ಟವೆಂದರೆ ಆ ವಿಚಾರ ಚರ್ಚೆಗೆ ಬರಲೇ ಇಲ್ಲ. ನಟಿ ಸಂಜನಾ ಅವರ ಸೋರಿಕೆಯಾದ ದೃಶ್ಯವೊಂದು ಮಾಧ್ಯಮಗಳನ್ನೆಲ್ಲ ಆವರಿಸಿತು. ಠಾಣೆಯ ಹಿಂಸೆಯನ್ನು ಪ್ರಶ್ನಿಸಹೊರಟ ಚಿತ್ರ ಆ ಹಿಂಸೆಯನ್ನೇ ನೋಟದ ಸರಕನ್ನಾಗಿಸಿತು ಎಂಬ ಟೀಕೆಗೆ ಗುರಿಯಾದದ್ದು ಸಹಜವೇ.

2018ರ ಮಾರ್ಚ್‌ನಲ್ಲಿ ಬಂದ ಮೂರನೆಯ ಭಾಗದಲ್ಲಿ ಚಲಪತಿ ಪತ್ರಕರ್ತೆಗೆ ಉತ್ತರ ಕೊಡುತ್ತಾನೆ, ಕಥೆ ಮತ್ತೆ ಪೊಲೀಸರ ಪಾಳಯಕ್ಕೆ ಮರಳುತ್ತದೆ. ಮೊದಲು ಅಪರಾಧಿಗಳು, ಆಮೇಲೆ ಬಲಿಪಶುಗಳು, ಕೊನೆಗೆ ಮತ್ತೆ ಅಪರಾಧಿಗಳು: ಮೂರು ಚಿತ್ರಗಳಲ್ಲಿ ಆದ ಈ ಓಲಾಟವನ್ನು ಸತ್ಯಶೋಧನೆ ಎನ್ನಬೇಕೋ, ಗಲ್ಲಾಪೆಟ್ಟಿಗೆಯ ನಾಡಿಮಿಡಿತ ಎನ್ನಬೇಕೋ ಓದುಗರೇ ನಿರ್ಧರಿಸಲಿ. ಎರಡನೆಯ ಭಾಗವನ್ನು ನೋಡದೆ ಮೊದಲನೆಯದನ್ನಷ್ಟೇ ನೋಡಿದವರ ಸಂಖ್ಯೆ ದೊಡ್ಡದು ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಮುಂದೆ ಬೇರೆಯದೇ ತಂಡ, ಸುಮನ್ ರಂಗನಾಥ್ ಅವರನ್ನು ಮುಖ್ಯ ಪಾತ್ರದಲ್ಲಿಟ್ಟುಕೊಂಡು, ಕೆ.ಟಿ. ನಾಯಕ್ ನಿರ್ದೇಶನದಲ್ಲಿ ನಾಲ್ಕನೆಯ ಚಿತ್ರ ಮಾಡಿತು. ಹಳೆಯ ನಿರ್ದೇಶಕರಿಲ್ಲ, ಹಳೆಯ ಲಕ್ಷ್ಮಿಯೂ ಇಲ್ಲ. ಉಳಿದದ್ದು ಊರಿನ ಹೆಸರು ಮತ್ತು ಒಂದು ಅಂಕಿ.

ದಂಡು ಎಂದರೆ ಸೈನ್ಯ, ಪಾಳ್ಯ ಎಂದರೆ ಬಿಡಾರ. ಬೆಂಗಳೂರಿನ ಕಂಟೋನ್ಮೆಂಟನ್ನು ಹಳಬರು ಇಂದಿಗೂ ದಂಡು ಎಂದೇ ಕರೆಯುತ್ತಾರೆ. ಆ ಅರ್ಥ ನಿಘಂಟಿನಲ್ಲಿ ಉಳಿದಿದೆ. ರಾಜ್ಯದ ರಾಜಕಾರಣಿಗಳು ಎದುರಾಳಿಗಳನ್ನು ಮೂದಲಿಸಬೇಕೆನಿಸಿದಾಗ 'ದಂಡುಪಾಳ್ಯ ಗ್ಯಾಂಗ್' ಎಂದು ಬೈಯುವುದು ಮಾಮೂಲಾಗಿದೆ. ಬೈದವರು ಕ್ಷಮೆ ಕೇಳಬೇಕೆಂದು ಬೈಸಿಕೊಂಡವರು ಪಟ್ಟು ಹಿಡಿಯುತ್ತಾರೆ. ಆ ಹೆಸರನ್ನೇ ಪಡಿತರ ಚೀಟಿಯಲ್ಲಿ ಹೊತ್ತ ಹೊಸಕೋಟೆ ತಾಲ್ಲೂಕಿನ ರೈತರನ್ನು ಯಾರೂ ಕೇಳುವುದಿಲ್ಲ.